ಎ520, ಬಿ550, ಎಚ್610: ಕಡಿಮೆ ಬಜೆಟ್‌ನ ಗೇಮಿಂಗ್ ಪಿಸಿಗೆ ಯಾವ ಬೋರ್ಡ್?

ಗೇಮಿಂಗ್ ಪಿಸಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಪ್ರೊಸೆಸರ್, ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮದರ್‌ಬೋರ್ಡ್) ತೆಗೆದುಕೊಳ್ಳುತ್ತಾರೆ. ಉಳಿದ ದುಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಾರೆ. ಬಜೆಟ್ ಕಡಿಮೆ ಇದ್ದಾಗ ಇದನ್ನು ತಿರುಗಿಸಬೇಕು. ಯಾವ ಕಾರ್ಡ್ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಅರ್ಧ ಬೋರ್ಡ್‌ಗಳು ಆಗಲೇ ಪಟ್ಟಿಯಿಂದ ಹೋಗುತ್ತವೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಒಂದೇ ಎಎಂಡಿ ಪ್ರೊಸೆಸರ್ (ರೈಜೆನ್ 5 5600), ಅದೇ 16 ಜಿಬಿ ರ್‍ಯಾಮ್, ಅದೇ ಆರ್‌ಎಕ್ಸ್ 6600 ಕಾರ್ಡ್. ಇವನ್ನು ಮೊದಲು ಎ520 ಬೋರ್ಡ್‌ನಲ್ಲಿ ಓಡಿಸಿದೆ, ಆಮೇಲೆ ಬಿ550ಗೆ ಕಿತ್ತು ಹಾಕಿದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನಾನು ಕೊಂಡಾಗ ಎ520ಗೆ 5 ಸಾವಿರದ ಆಸುಪಾಸು, ಬಿ550ಗೆ 8 ಸಾವಿರದ ಮೇಲೆ. ಆ 3 ಸಾವಿರಕ್ಕೆ ಏನು ಸಿಗುತ್ತದೆ ಅನ್ನೋದೇ ಪ್ರಶ್ನೆ.

ಆರ್‌ಎಕ್ಸ್ 6600 ಇದ್ದಾಗ ಏನೂ ಸಿಗಲಿಲ್ಲ. 1080ಪಿಯಲ್ಲಿ ವ್ಯಾಲೊರಂಟ್, ಜಿಟಿಎ 5 ಗೇಮ್‌ಗಳು ಎರಡೂ ಬೋರ್ಡ್‌ಗಳಲ್ಲಿ ಒಂದೇ ಥರ ಓಡಿದವು. ಫಾರ್ಜಾ ಹೊರೈಜಾನ್ 5ರಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ) ಅಂಕಿ ಒಂದೆರಡು ಆಚೀಚೆ ಆಯಿತು. ಆಡುವವರ ಕೈಗೆ ಅದು ಗೊತ್ತೇ ಆಗುವುದಿಲ್ಲ.

ಚಿಕ್ಕಪ್ಪನ ಮಗ ತನ್ನ ಆರ್‌ಎಕ್ಸ್ 6500 ಎಕ್ಸ್‌ಟಿ ತಂದಾಗ ಕಥೆ ಬೇರೆಯಾಯಿತು. "ಅಣ್ಣಾ, ರಿವ್ಯೂನಲ್ಲಿ ಚೆನ್ನಾಗಿ ಓಡ್ತಿತ್ತು, ನನ್ನದು ಯಾಕೆ ಹಿಂಗೆ ಜರ್ಕ್ ಹೊಡೀತದೆ?" ಅಂತ ಕೇಳಿದ. ಅವನದೂ ಎ520. ನನ್ನ ಎ520ಗೆ ಹಾಕಿ ನೋಡಿದೆ. ಫಾರ್ಜಾದಲ್ಲಿ ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಹೈ ಇಟ್ಟರೆ, ಊರೊಳಗೆ ಜೋರಾಗಿ ತಿರುವು ತೆಗೆದುಕೊಳ್ಳುವಾಗಲೆಲ್ಲ ಚಿತ್ರ ಒಂದು ಕ್ಷಣ ನಿಂತು ಮುಂದಕ್ಕೆ ಹಾರುತ್ತಿತ್ತು. ಅದೇ ಕಾರ್ಡ್, ಅದೇ ಸೆಟ್ಟಿಂಗ್, ಬಿ550ಗೆ ಹಾಕಿದ ಮೇಲೆ ಆ ಜರ್ಕ್ ಬಹುಪಾಲು ಹೋಯಿತು.

ಕಾರಣ ಇದು. 6500 ಎಕ್ಸ್‌ಟಿ ಕಾರ್ಡಿನ ಉದ್ದನೆಯ ಕನೆಕ್ಟರ್ ನೋಡಿ 16 ಲೇನ್ (ಡೇಟಾ ಓಡಾಡುವ ದಾರಿ) ಅಂದುಕೊಳ್ಳುತ್ತೇವೆ. ಒಳಗೆ ಇರುವುದು 4 ಲೇನ್ ಮಾತ್ರ. ಕಾರ್ಡ್‌ಗೂ ಬೋರ್ಡ್‌ಗೂ ನಡುವಿನ ಈ ಸಂಪರ್ಕಕ್ಕೆ ಪಿಸಿಐಇ ಅಂತ ಹೆಸರು. ಬಿ550ಯಂಥ ಪಿಸಿಐಇ 4.0 ಬೋರ್ಡ್‌ನಲ್ಲಿ ಆ 4 ಲೇನ್‌ಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಡೇಟಾ ಹೋಗುತ್ತದೆ. ಎ520 ಕೊಡುವುದು 3.0. ಅಲ್ಲಿ ಅದು ಸುಮಾರು 4 ಜಿಬಿಗೆ ಇಳಿಯುತ್ತದೆ. ಕಾರ್ಡ್‌ನಲ್ಲಿರುವ ಮೆಮೊರಿಯೂ 4 ಜಿಬಿ ಅಷ್ಟೇ. ಅದು ತುಂಬಿದ ಕೂಡಲೇ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕು, ಆಗ ಇಕ್ಕಟ್ಟು ಶುರು. ಟೆಕ್ಸ್ಚರ್ ಮೀಡಿಯಂಗೆ ಇಳಿಸಿದರೆ ಎ520ಯಲ್ಲೂ ನೆಟ್ಟಗೆ ಓಡಿತು. ಆರ್‌ಎಕ್ಸ್ 6400 ಕೂಡ ಇದೇ 4 ಲೇನ್‌ನ ಕಾರ್ಡ್. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3050 ಎರಡಕ್ಕೂ 8 ಲೇನ್ ಇವೆ, ಮೆಮೊರಿ 8 ಜಿಬಿ ಇದ್ದರೆ ಅಷ್ಟು ತೊಂದರೆ ಇಲ್ಲ. ಹಳೆಯ ಜಿಟಿಎಕ್ಸ್ 1650 ಮೊದಲೇ 3.0 ಕಾರ್ಡ್, 16 ಲೇನ್. ಅದಕ್ಕೆ ಬಿ550 ಹಾಕಿದರೆ ದುಡ್ಡು ದಂಡ.

ಇನ್ನೊಂದು ಮಾತು, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ರೈಜೆನ್ 5 5500 ಮತ್ತು 5600ಜಿ ಪ್ರೊಸೆಸರ್‌ಗಳೇ ಪಿಸಿಐಇ 3.0. ಅವನ್ನು ಬಿ550 ಮೇಲೆ ಕೂರಿಸಿದರೂ ಕಾರ್ಡ್‌ಗೆ 4.0 ಸಿಗುವುದಿಲ್ಲ. "5500 ಜೊತೆ ಬಿ550 ಕಾಂಬೊ" ಅಂತ ಯಾರಾದರೂ ಕೊಟ್ಟರೆ, ಆ ಜಾಸ್ತಿ ದುಡ್ಡು ಯಾತಕ್ಕೆ ಅಂತ ಕೇಳಿ.

ಶಾಖದ ವಿಷಯ ನಮ್ಮ ಕಡೆ ತುಂಬ ಮುಖ್ಯ. ನಾನಿರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ರೂಮಿನೊಳಗೂ ಫ್ಯಾನ್ ಬಿಸಿಗಾಳಿಯನ್ನೇ ಬೀಸುತ್ತದೆ. ನನ್ನ ಎ520ಯಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಭಾಗದ ಮೇಲೆ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು) ಇಲ್ಲ, ಬರೀ ಚಿಪ್‌ಗಳು ಕಾಣುತ್ತವೆ. 5600 ಎಷ್ಟೇ ದುಡಿದರೂ 76 ವ್ಯಾಟ್ ದಾಟುವುದಿಲ್ಲ. ಹಾಗಾಗಿ ಗೇಮ್ ಆಡುವಾಗ ಬೇಸಿಗೆಯಲ್ಲೂ ತೊಂದರೆ ಬರಲಿಲ್ಲ. ಗೆಳೆಯನ 5800ಎಕ್ಸ್ ಹಾಕಿದಾಗ ಮಿತಿ ಕಂಡಿತು. ಅದು 142 ವ್ಯಾಟ್‌ವರೆಗೆ ಎಳೆಯುತ್ತದೆ. ವಿಡಿಯೊ ರೆಂಡರ್ ಶುರು ಮಾಡಿ ಸ್ವಲ್ಪ ಹೊತ್ತಿಗೇ ವಿಆರ್‌ಎಂ 100 ಡಿಗ್ರಿ ದಾಟಿತು, ಪ್ರೊಸೆಸರ್ ವೇಗ ಇಳಿಯಿತು. ಹೀಟ್‌ಸಿಂಕ್ ಇರುವ ಬಿ550 ಅದೇ ಕೆಲಸವನ್ನು ನಿರಾಳವಾಗಿ ಮುಗಿಸಿತು. ಮುಂದೆ 5800ಎಕ್ಸ್‌ನಂಥ 8 ಕೋರ್‌ಗೆ ಹೋಗುವ ಆಸೆ ಇದ್ದರೆ ಬಿ550 ತೆಗೆದುಕೊಳ್ಳಿ. ಎ520ಯೇ ಸಾಕು ಅನ್ನುವವರಿಗೆ 5600ರ ಹಾಗೆಯೇ 76 ವ್ಯಾಟ್ ದಾಟದ, 8 ಕೋರ್‌ನ 5700ಎಕ್ಸ್ ಒಳ್ಳೆಯ ದಾರಿ.

ರ್‍ಯಾಮ್ ಸ್ಲಾಟ್ ಕಡೆಗೂ ಗಮನ ಇರಲಿ. ಅಗ್ಗದ ಬೋರ್ಡ್‌ಗಳಲ್ಲಿ ಎರಡೇ ಸ್ಲಾಟ್. 8 ಜಿಬಿಯ ಎರಡು ಸ್ಟಿಕ್ ಹಾಕಿದಿರೋ ಮುಗಿಯಿತು, 32ಕ್ಕೆ ಹೋಗಬೇಕಾದರೆ ಎರಡನ್ನೂ ಮಾರಿ ಹೊಸದು ತರಬೇಕು. ಹಾಗಂತ ಒಂದೇ ಸ್ಟಿಕ್ ಹಾಕಿ ಕಾಯಬೇಡಿ. ಕಾರ್ಡ್ ಇಲ್ಲದೆ 5600ಜಿಯೊಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗಂತೂ ಎರಡು ಸ್ಟಿಕ್ ಬೇಕೇ ಬೇಕು. ಬಯೋಸ್‌ಗೆ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಹೋಗಿ ಎಕ್ಸ್‌ಎಂಪಿ (ರ್‍ಯಾಮ್ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ 3200ರ ರ್‍ಯಾಮ್ 2400ರಲ್ಲೋ 2666ರಲ್ಲೋ ತೆವಳುತ್ತಿರುತ್ತದೆ. ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗ) ಆಗುವುದಿಲ್ಲ, ಆದರೆ ಎಕ್ಸ್‌ಎಂಪಿ ಕೆಲಸ ಮಾಡುತ್ತದೆ.

ಇನ್ನು ಇಂಟೆಲ್‌ನ ಎಚ್610. ಇದನ್ನು ಐ3-12100ಎಫ್ ಜೊತೆ ಓಡಿಸಿದೆ. ಪ್ರೊಸೆಸರ್ ಬೇರೆಯಾದ್ದರಿಂದ ಅಂಕಿಗೆ ಅಂಕಿ ಹೋಲಿಸುವುದು ನ್ಯಾಯವಲ್ಲ. ಆದರೂ ಒಂದು ವಿಷಯ ನನಗೆ ತುಂಬ ಹಿಡಿಸಿತು: ಇಷ್ಟು ಅಗ್ಗದ ಬೋರ್ಡ್‌ನಲ್ಲೂ ಗ್ರಾಫಿಕ್ಸ್ ಕಾರ್ಡ್‌ಗೆ ಪಿಸಿಐಇ 4.0 ಸಿಗುತ್ತದೆ. 6500 ಎಕ್ಸ್‌ಟಿ ಇಲ್ಲಿ ಬಿ550ಯಲ್ಲಿ ಓಡಿದ ಹಾಗೆಯೇ ಓಡಿತು. ಕೊರತೆಗಳೂ ಇವೆ. ಡಿಡಿಆರ್4 ರ್‍ಯಾಮ್ 3200ಕ್ಕಿಂತ ಮೇಲೆ ಹೋಗುವುದಿಲ್ಲ. ಎಂ.2 ಎಸ್‌ಎಸ್‌ಡಿ (ಬೋರ್ಡ್ ಮೇಲೇ ಕೂರುವ ಡ್ರೈವ್) ಪಿಸಿಐಇ 3.0 ವೇಗಕ್ಕೆ ನಿಲ್ಲುತ್ತದೆ, ಗೇಮ್ ಲೋಡ್ ಆಗುವುದರಲ್ಲಿ ಅದರಿಂದ ನನಗೆ ವ್ಯತ್ಯಾಸ ಕಾಣಲಿಲ್ಲ. ಐ3ಗೆ ಕೋರ್ ನಾಲ್ಕೇ. ಗೇಮ್ ಜೊತೆ ಬ್ರೌಸರ್, ಡಿಸ್ಕಾರ್ಡ್ ತೆರೆದಿಟ್ಟರೆ 5600 ಮುಂದೆ ಇದು ಸ್ವಲ್ಪ ಏದುಸಿರು ಬಿಡುತ್ತದೆ. ಮುಂದೆ ಐ5-12400ಎಫ್ ಹಾಕಿಕೊಳ್ಳಬಹುದು. ಚಿಕ್ಕಪ್ಪನ ಮಗನಿಗೆ ನಾನು ಕೊಡಿಸಿದ್ದು ಈ ಜೋಡಿಯನ್ನೇ, ಯಾಕೆಂದರೆ 6500 ಎಕ್ಸ್‌ಟಿ ಆಗಲೇ ಅವನ ಕೈಯಲ್ಲಿತ್ತು. ಇನ್ನೂ ಕಾರ್ಡ್ ಕೊಳ್ಳದವರಿಗೆ ನನ್ನ ಸಲಹೆ ಎ520, 5600. ಉಳಿಸಿದ 3 ಸಾವಿರ ಸೇರಿಸಿ 8 ಜಿಬಿ ಕಾರ್ಡ್ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಿ450 ಬಗ್ಗೆ ಬಹಳ ಜನ ಕೇಳುತ್ತಾರೆ. 2018ರ ಎಎಂಡಿ ಚಿಪ್‌ಸೆಟ್ (ಬೋರ್ಡ್‌ನ ಮುಖ್ಯ ಚಿಪ್) ಅದು, ಕಾರ್ಡ್‌ಗೆ ಪಿಸಿಐಇ 3.0. ಆದರೆ ಹೀಟ್‌ಸಿಂಕ್, ನಾಲ್ಕು ರ್‍ಯಾಮ್ ಸ್ಲಾಟ್ ಇರುವ ಒಳ್ಳೆಯ ಬೋರ್ಡ್ ಎ520 ರೇಟಿಗೆ ಸಿಕ್ಕರೆ ಬಿಡಬೇಡಿ. ಬಯೋಸ್ ಮಾತ್ರ ನೋಡಿಕೊಳ್ಳಿ. ಹಳೆಯ ಬಯೋಸ್ ಇದ್ದರೆ 5600 ಹಾಕಿದಾಗ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಟನ್ ಹಿಂದುಗಡೆ ಇರುತ್ತದೆ. ಅದಿಲ್ಲದಿದ್ದರೆ ದುಡ್ಡು ಕೊಡುವ ಮುಂಚೆ ನಿಮ್ಮ ಪ್ರೊಸೆಸರ್ ಅಲ್ಲೇ ಕೂರಿಸಿ, ಡಿಸ್‌ಪ್ಲೇ ತೋರಿಸಿ ಅಂತ ಕೇಳಿ.