1500ಡಿ, ಡಿ3500, 200ಡಿ ಮಾರ್ಕ್ 2: ಬೇಲೂರಿನ ಕತ್ತಲಲ್ಲಿ ಯಾವುದು ವಾಸಿ?

ಕಡಿಮೆ ದುಡ್ಡಿಗೆ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಹುಡುಕುವವರ ಮುಂದೆ ಮೂರು ಹೆಸರು ಬಂದೇ ಬರುತ್ತವೆ. ಕ್ಯಾನನ್ 1500ಡಿ, ನಿಕಾನ್ ಡಿ3500, ಇನ್ನೂ ಸ್ವಲ್ಪ ಕೈ ಬಿಚ್ಚಿದರೆ ಕ್ಯಾನನ್ 200ಡಿ ಮಾರ್ಕ್ 2. ಮೊದಲೆರಡು 2018ರವು, ಮೂರನೆಯದು 2019ರದು. ಮೂರೂ 24 ಮೆಗಾಪಿಕ್ಸೆಲ್ಲೇ, ಹಾಗಾಗಿ ಆ ಲೆಕ್ಕ ಬಿಡಿ. ನನ್ನದು ಡಿ3500. 1500ಡಿ ನಮ್ಮ ಭಾವನದು, 200ಡಿ ಮಾರ್ಕ್ 2 (ಮುಂದೆ ಬರೀ 200ಡಿ ಅನ್ನುತ್ತೇನೆ) ಗೆಳೆಯನದು. ಹಾಸನದಲ್ಲಿದ್ದುಕೊಂಡು ಕ್ಯಾಮೆರಾ ಪರೀಕ್ಷೆ ಮಾಡಲು ಬೇಲೂರು, ಹಳೇಬೀಡು ಬಿಟ್ಟು ಬೇರೆ ಎಲ್ಲಿಗೆ ಹೋಗುವುದು?

ಹಳೇಬೀಡಿನಲ್ಲಿ ಏನೂ ಗೊತ್ತಾಗಲಿಲ್ಲ. ಸಂಜೆ ಬಿಸಿಲು ಹಿಂಬದಿ ಗೋಡೆಗೆ ಓರೆಯಾಗಿ ಬಿದ್ದಾಗ ಯಾವ ಕ್ಯಾಮೆರಾ ಹಿಡಿದರೂ ಕೆತ್ತನೆ ಎದ್ದು ಕಾಣುತ್ತದೆ, ಆ ಬೆಳಕಲ್ಲಿ ಮೊಬೈಲೂ ಸಾಕು. ಕಷ್ಟ ಇರುವುದು ಬೇಲೂರಿನ ಮದನಿಕೆಯರ, ಅಂದರೆ ಕಲ್ಲಿನ ಸುಂದರಿಯರ ಹತ್ತಿರ. ಅವರು ಸೂರಿನ ಕೆಳಗೆ ನೆರಳಲ್ಲಿ ನಿಂತಿರುತ್ತಾರೆ, ಪಕ್ಕದಲ್ಲೇ ಬೆಳ್ಳಗಿನ ಆಕಾಶ. ಆಕಾಶ ಉಳಿಸಿದರೆ ಮುಖ ಕಪ್ಪು, ಮುಖ ಉಳಿಸಿದರೆ ಆಕಾಶ ಹೋಯಿತು. ಮೂರರಲ್ಲೂ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸುವ ಕಚ್ಚಾ ಫೈಲ್) ತೆಗೆದು, ಆಕಾಶ ಬೆಳ್ಳಗಾಗದಷ್ಟು ಬೆಳಕು (ಎಕ್ಸ್‌ಪೋಶರ್) ಇಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ನೆರಳಿನ ಭಾಗ ಬೆಳಗಿಸಿ ನೋಡಿದೆವು. ಡಿ3500 ಇಲ್ಲಿ ಸಲೀಸಾಗಿ ಗೆದ್ದಿತು. ಆಭರಣದ ಸಣ್ಣ ಗೆರೆಗಳೂ ಉಳಿದವು. 200ಡಿ ಹೆಚ್ಚು ಹಿಂದೆ ಬೀಳಲಿಲ್ಲ. 1500ಡಿಯಲ್ಲಿ ಮಾತ್ರ ನೆರಳಿನ ತುಂಬ ಕಾಳು ಕಾಳು. ವಾಟ್ಸಾಪಿನಲ್ಲಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಬಿಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ತಿಳಿಯುತ್ತದೆ.

ದೇವಸ್ಥಾನದ ಒಳಗೆ ನವರಂಗಕ್ಕೆ (ಕಂಬಗಳ ಮಂಟಪ) ಹೋದರೆ ಕಥೆಯೇ ಬೇರೆ. ಕತ್ತಲು. ಪುರಾತತ್ವ ಇಲಾಖೆಯ ಜಾಗ, ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಇಲ್ಲಿ ಬಾಡಿಗಿಂತ (ಲೆನ್ಸ್ ಬಿಟ್ಟ ಬರೀ ಕ್ಯಾಮೆರಾ) ಲೆನ್ಸೇ ಮುಖ್ಯ. ಜೊತೆಗೆ ಬರುವ 18-55 ಲೆನ್ಸನ್ನು (ಕಿಟ್ ಲೆನ್ಸ್) ಪೂರ್ತಿ ಝೂಮ್ ಮಾಡಿದರೆ ಅದು ಎಫ್/5.6. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಅದೇ ಜಾಗದಲ್ಲಿ 50 ಎಂಎಂ ಎಫ್/1.8 ಹಾಕಿದರೆ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬರುತ್ತದೆ. ಭಾವನ 1500ಡಿಗೆ ಕ್ಯಾನನ್ 50 ಎಸ್‌ಟಿಎಂ ಹಾಕಿ, ನನ್ನ ಡಿ3500ಗೆ ಕಿಟ್ ಲೆನ್ಸ್ ಹಾಕಿ ಕಂಬಗಳ ಫೋಟೋ ತೆಗೆದರೆ ಭಾವನದೇ ಚೆನ್ನಾಗಿ ಬಂತು. ಅಗ್ಗದ ಬಾಡಿ, ಒಳ್ಳೆ ಲೆನ್ಸ್, ಅಷ್ಟೇ. ಒಂದು ತೊಂದರೆ ಏನೆಂದರೆ ಈ ಸಣ್ಣ ಸೆನ್ಸರ್ ಮೇಲೆ 50 ಎಂಎಂ ಬಹಳ ಹತ್ತಿರ ಎಳೆದುಬಿಡುತ್ತದೆ, ಹಿಂದೆ ಸರಿಯಲು ಜಾಗ ಇಲ್ಲದ ಕಡೆ ಒದ್ದಾಟ. ನಿಕಾನ್‌ನವರಿಗೆ ಡಿಎಕ್ಸ್ 35 ಎಂಎಂ ಎಫ್/1.8 ಇದೆ, ಅದು ಅಷ್ಟು ಹತ್ತಿರ ಎಳೆಯುವುದಿಲ್ಲ, ದೇವಸ್ಥಾನದ ಒಳಗೆ ಹೇಳಿ ಮಾಡಿಸಿದ ಹಾಗಿದೆ.

ನಿಕಾನ್ ತೆಗೆದುಕೊಳ್ಳುವವರು ಒಂದು ವಿಷಯ ಗಮನಿಸಿ. ಡಿ3500 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ತಮ್ಮೊಳಗೇ ಮೋಟಾರ್ ಇರುವ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಮಾತ್ರ ತಾವಾಗಿ ಫೋಕಸ್ ಆಗುತ್ತವೆ. ಅಗ್ಗಕ್ಕೆ ಸಿಗುತ್ತದೆ ಅಂತ ಹಳೆ 50 ಎಂಎಂ 1.8ಡಿ ತಂದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಕ್ಯಾನನ್‌ನಲ್ಲಿ ಈ ರಗಳೆ ಇಲ್ಲ. ಇಎಫ್, ಇಎಫ್-ಎಸ್ ಲೆನ್ಸ್ ಯಾವುದಾದರೂ ಹಾಕಿ.

200ಡಿ ಯಾರಿಗೆ? ವಿಡಿಯೋ ಮಾಡುವವರಿಗೆ, ಕಣ್ಣು ಮುಚ್ಚಿ ಹೇಳುತ್ತೇನೆ. ಸ್ಕ್ರೀನ್ ತಿರುಗುತ್ತದೆ, ಮುಟ್ಟಿದ ಕಡೆ ಫೋಕಸ್ ಆಗುತ್ತದೆ, ಹೊರಗಿನ ಮೈಕ್ ಚುಚ್ಚಬಹುದು. ಉಳಿದೆರಡಕ್ಕೆ ಮೈಕಿನ ತೂತೇ ಇಲ್ಲ. 4ಕೆ ಇದೆ ಅಂತ ಮಾತ್ರ ಕುಣಿಯಬೇಡಿ. 4ಕೆಯಲ್ಲಿ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ, ಡ್ಯುಯಲ್ ಪಿಕ್ಸೆಲ್ ಅನ್ನುವ ಕ್ಯಾನನ್‌ನ ಒಳ್ಳೆಯ ಫೋಕಸ್ಸೂ ಸಿಗುವುದಿಲ್ಲ, 1080ರಲ್ಲೇ ತೆಗೆಯುವುದು ಮೇಲು. ನನಗೆ ಹೊಟ್ಟೆಕಿಚ್ಚಾಗಿದ್ದು ನವರಂಗದ ಚಾವಣಿ ತೆಗೆಯುವಾಗ. ಗೆಳೆಯ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಇಟ್ಟು, ಸ್ಕ್ರೀನ್ ಹೊರಗೆ ತಿರುಗಿಸಿ, ನೋಡಿಕೊಂಡು ಆರಾಮಾಗಿ ಕ್ಲಿಕ್ ಮಾಡಿದ. ನಾನು ಕತ್ತು ಮುರಿದುಕೊಂಡೆ.

ಬ್ಯಾಟರಿಯಲ್ಲಿ ನಿಕಾನ್ ಹತ್ತಿರ ಯಾರೂ ಬರುವುದಿಲ್ಲ. ಕಂಪನಿ ಲೆಕ್ಕದಲ್ಲಿ ಡಿ3500ಗೆ 1550 ಫೋಟೋ, 200ಡಿಗೆ 1070, 1500ಡಿಗೆ ಬರೀ 500. ಮುಳ್ಳಯ್ಯನಗಿರಿ ಕಡೆ ಇಡೀ ದಿನ ಸುತ್ತುವುದಾದರೆ 1500ಡಿಗೆ ಇನ್ನೊಂದು ಬ್ಯಾಟರಿ ಬೇಕೇ ಬೇಕು. ಹಕ್ಕಿ ತೆಗೆಯುವವರಿಗೂ ಅದು ಬೇಡ, ಸೆಕೆಂಡಿಗೆ 3 ಫೋಟೋ ಮಾತ್ರ, ಉಳಿದೆರಡು 5. ಆದರೆ 1500ಡಿಗೆ ವೈಫೈ ಇದೆ, ಡಿ3500ಗೆ ಬ್ಲೂಟೂತ್ ಮಾತ್ರ.

ನನ್ನ ಮಾತು ಕೇಳುವುದಾದರೆ, ಬರೀ ಫೋಟೋಗೆ ಸೆಕೆಂಡ್ ಹ್ಯಾಂಡ್ ಡಿ3500 ಮತ್ತು 35 ಎಂಎಂ. ವಿಡಿಯೋನೂ ಬೇಕಾದರೆ 200ಡಿ. 1500ಡಿ ಬಾಡಿ ತುಂಬಾ ಅಗ್ಗಕ್ಕೆ ಸಿಕ್ಕಿ, ಉಳಿದ ದುಡ್ಡಲ್ಲಿ 50 ಎಂಎಂ ಬರುತ್ತದೆ ಅಂದರೆ ಮಾತ್ರ ಅದು. ಡಿ3500 ತಯಾರಿಕೆ ನಿಂತಿದೆ, ಹಾಗಾಗಿ ಹಳೆಯದನ್ನೇ ಹುಡುಕಬೇಕು. ಅದರಲ್ಲಿ ಒಂದು ಅನುಕೂಲ ಇದೆ, ಆಗಷ್ಟೇ ತೆಗೆದ ಜೆಪೆಗ್ ಫೋಟೋದ ಎಕ್ಸಿಫ್ ಮಾಹಿತಿಯಲ್ಲೇ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಶಟರ್ ಎಷ್ಟು ಸಲ ಓಡಿದೆ ಅಂತ ಸಿಗುತ್ತದೆ, ಮಾರುವವರ ಬಾಯಿ ಮಾತು ನಂಬಬೇಕಿಲ್ಲ. ಲೆನ್ಸ್ ವಿಷಯದಲ್ಲಿ ಮಾತ್ರ ಹುಷಾರು. ಚಿಕ್ಕಮಗಳೂರು, ಸಕಲೇಶಪುರ ಕಡೆ ಮಳೆಗಾಲ ಕಳೆದ ಲೆನ್ಸ್ ಆದರೆ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆ ತರಹ ಎಳೆ ಕಂಡರೆ ಅದು ಫಂಗಸ್. ಬಾಡಿ ಮಾತ್ರ ತೆಗೆದುಕೊಂಡು ಲೆನ್ಸ್ ಅಲ್ಲೇ ಬಿಟ್ಟು ಬನ್ನಿ.