ಮೂರು ಬಗೆಯ ಬ್ರೇಕ್ ಪ್ಯಾಡ್: ಸಿಲ್ಕ್ ಬೋರ್ಡ್‌ಗೆ ಯಾವುದು, ಘಾಟಿಗೆ ಯಾವುದು?

ಜೆ.ಸಿ. ರೋಡ್‌ನಲ್ಲಿ ಬ್ರೇಕ್ ಪ್ಯಾಡ್ ಕೇಳಿದರೆ ಅಂಗಡಿಯವರು ಮೊದಲು ಕೇಳೋದು ‘ಯಾವ ಗಾಡಿ?’ ಅಂತ. ಆಮೇಲೆ ‘ಯಾವ ರೇಟಿನದು ಕೊಡ್ಲಿ?’ ಅಂತ. ಗಾಡಿ ಎಲ್ಲಿ ಓಡುತ್ತೆ ಅನ್ನೋದೂ ಅಷ್ಟೇ ಮುಖ್ಯ. ಒಂದೇ ಹ್ಯಾಚ್‌ಬ್ಯಾಕ್‌ಗೆ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸೆರಾಮಿಕ್ ಮೂರನ್ನೂ ಒಂದಾದ ಮೇಲೊಂದು ಹಾಕಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ. ಆ ಒತ್ತಡಕ್ಕೆ, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಪಿಸ್ಟನ್ ಮುಂದೆ ಬರುತ್ತದೆ. ಪ್ಯಾಡ್‌ಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮುತ್ತವೆ. ಗಾಡಿಯ ಚಲನೆಯ ಶಕ್ತಿ ಅಲ್ಲಿ ಬಿಸಿಯಾಗಿ ಬದಲಾಗುತ್ತದೆ. ಆ ಬಿಸಿಯನ್ನು ಪ್ಯಾಡ್ ಎಷ್ಟು ತಡೆಯುತ್ತೆ ಅನ್ನೋದರಲ್ಲೇ ಮೂರಕ್ಕೂ ಇರುವ ದೊಡ್ಡ ವ್ಯತ್ಯಾಸ.

ಆರ್ಗ್ಯಾನಿಕ್ ಪ್ಯಾಡ್ ಅಂದರೆ ನಾರು, ರಬ್ಬರ್ ಎಲ್ಲ ಸೇರಿಸಿ ರೆಸಿನ್‌ನಿಂದ ಗಟ್ಟಿ ಮಾಡಿದ್ದು. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ಗೆ ಇದು ತುಂಬಾ ಚೆನ್ನಾಗಿದೆ. ಬೆಳಿಗ್ಗೆ ತಣ್ಣಗಿದ್ದಾಗಲೂ ಮೊದಲ ತುಳಿತಕ್ಕೇ ಹಿಡಿಯುತ್ತೆ. ಸದ್ದಿಲ್ಲ, ಡಿಸ್ಕ್ ಕೂಡ ಅಷ್ಟಾಗಿ ಸವೆಯಲ್ಲ. ಪ್ಯಾಡ್ ಮಾತ್ರ ಬೇಗ ಸವೆಯುತ್ತೆ. ಆದರೆ ನಂದಿಬೆಟ್ಟದಿಂದ ಇಳಿಯುವಾಗ ಕಥೆನೇ ಬೇರೆ. ತಿರುವಿನ ಮೇಲೆ ತಿರುವು, ಬ್ರೇಕ್ ಮೇಲೆ ಬ್ರೇಕ್. ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗೇ ಇತ್ತು, ಆದರೂ ಗಾಡಿ ಮೊದಲಿನಷ್ಟು ನಿಲ್ಲುತ್ತಿರಲಿಲ್ಲ. ಪ್ಯಾಡ್ ಅತಿಯಾಗಿ ಕಾದಾಗ ಘರ್ಷಣೆ ಕಡಿಮೆಯಾಗಿ ಹೀಗಾಗುತ್ತದೆ. ಇದಕ್ಕೆ ಬ್ರೇಕ್ ಫೇಡ್ ಅಂತಾರೆ.

ಅದೇ ಇಳಿಜಾರಿನಲ್ಲಿ ಸೆಮಿ ಮೆಟಾಲಿಕ್ ನನಗೆ ಧೈರ್ಯ ಕೊಟ್ಟಿತು. ಅದರಲ್ಲಿ ಉಕ್ಕಿನ ನಾರು, ಕಬ್ಬಿಣದ ಪುಡಿ ಇರುತ್ತದೆ. ಲೋಹ ಬಿಸಿಯನ್ನು ಬೇಗ ಸಾಗಿಸುತ್ತದೆ ಅಲ್ವಾ, ಹಾಗಾಗಿ ಕೆಳಗಿನ ತಿರುವಿನಲ್ಲೂ ಮೇಲಿನಷ್ಟೇ ಹಿಡಿತ ಸಿಕ್ಕಿತು. ಆ ಬಿಸಿಯಲ್ಲಿ ಒಂದು ಪಾಲು ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೂ ಹೋಗುತ್ತದೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ಗಾಳಿಯ ತೇವ ಹೀರಿಕೊಂಡ ಆಯಿಲ್‌ಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಆವಿಯ ಗುಳ್ಳೆ ಸೇರಿ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಅದಕ್ಕೇ ಈ ಪ್ಯಾಡ್ ಹಾಕಿಸಿದಾಗ ಹಳೇ ಆಯಿಲ್ ತೆಗೆಸಿ ಹೊಸದು ತುಂಬಿಸಿದೆ. ಊರೊಳಗೆ ಇದರದ್ದು ಕಿರಿಕಿರಿ ಇದ್ದೇ ಇದೆ. ಬೇಸ್‌ಮೆಂಟಿನಲ್ಲಿ ಕೀಚ್ ಅನ್ನೋ ಸದ್ದು, ಚಕ್ರದ ತುಂಬ ಕಪ್ಪು ಪುಡಿ. ಡಿಸ್ಕ್ ಕೂಡ ಜಾಸ್ತಿ ಸವೆಯುತ್ತೆ.

ಸೆರಾಮಿಕ್, ಅಂದರೆ ಪಿಂಗಾಣಿ ಜಾತಿಯ ನಾರು ಸೇರಿಸಿದ ಪ್ಯಾಡ್, ಇವೆರಡರ ನಡುವೆ ನಿಲ್ಲುತ್ತೆ. ಸದ್ದು ಕಡಿಮೆ, ಪುಡಿ ಬಿದ್ದರೂ ಕಣ್ಣಿಗೆ ಕಾಣೋದು ಕಮ್ಮಿ. ಸೆಕೆಂಡ್ ಗೇರಿನಲ್ಲಿ ಇಳಿದಾಗ ನಂದಿಯಲ್ಲೂ ತೊಂದರೆ ಕೊಡಲಿಲ್ಲ. ಬೆಲೆ ಮಾತ್ರ ಮೂರರಲ್ಲೂ ಜಾಸ್ತಿ.

ಮನೆ, ಆಫೀಸು, ಮಾಲ್ ಅಷ್ಟೇ ಅನ್ನೋರು ಸುಮ್ನೆ ದುಡ್ಡು ಹಾಕಬೇಡಿ, ಒಳ್ಳೆ ಆರ್ಗ್ಯಾನಿಕ್ ಸಾಕು. ನಾವು ಊರಿಗೆ ಹೋಗೋದು ಚಾರ್ಮಾಡಿ ಇಳಿದು. ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು, ಹಿಂದೆ ಮಕ್ಕಳು. ಸದ್ದು ಬಂದರೂ ಬರಲಿ ಅಂತ ಈಗ ಸೆಮಿ ಮೆಟಾಲಿಕ್ಕನ್ನೇ ಇಟ್ಟುಕೊಂಡಿದ್ದೇನೆ.

ಪ್ಯಾಡ್ ಯಾವುದೇ ಇರಲಿ, ಕ್ಯಾಲಿಪರ್‌ನ ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಜಾರೋಕೆ ಇರುವ ಕಡ್ಡಿ) ಜಾರದೆ ಬಿಗಿಯಾಗಿದ್ದರೆ ದುಡ್ಡು ದಂಡ. ಒಂದು ಸಲ ಬಿಚ್ಚಿಸಿದಾಗ ಒಳಗಿನ ಪ್ಯಾಡ್ ಲೋಹದ ತಗಡಿನವರೆಗೂ ಸವೆದಿತ್ತು, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಚಕ್ರದ ಸಂದಿಯಿಂದ ಬಗ್ಗಿ ನೋಡಿದರೆ ಹೊರಗಿನದಷ್ಟೇ ಕಾಣೋದು. ಹಾಗಾಗಿ ಕಳಚಿದ ಹಳೇ ಪ್ಯಾಡ್ ನಾಲ್ಕನ್ನೂ ಕೇಳಿ ತೆಗೆದುಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದು ಒಂದೊಂದು ದಪ್ಪ ಇದ್ದರೆ, ಪಿನ್ ಕ್ಲೀನ್ ಮಾಡಿ ಬಿಸಿ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿದ ಮೇಲೇ ಹೊಸದು ಕೂರಿಸೋಕೆ ಹೇಳಿ.