ಒಬ್ಬರ ಮುಖ ಒಬ್ಬರು ನೋಡದೆ ಆಡಿದ ಜಗಳ: ಲಿಬ್ರಿವಾಕ್ಸ್‌ನ ಏಕಾಂಕಗಳು

ಬಟ್ಟೆಗೆ ಇಸ್ತ್ರಿ ಹಾಕುವುದೆಂದರೆ ನನಗೆ ಶಿಕ್ಷೆ. ಅದಕ್ಕೇ ಆ ಹೊತ್ತಿನಲ್ಲಿ ಕಿವಿಗೆ ಏನಾದರೂ ಬೇಕು. ಕಾದಂಬರಿ ಹಾಕಿಕೊಂಡರೆ ಆರು ಅಂಗಿ ಮುಗಿದರೂ ನಾಯಕ ಇನ್ನೂ ರೈಲಿನಿಂದ ಇಳಿದಿರುವುದಿಲ್ಲ. ಹಾಡು ಹಾಕಿದರೆ ಕೈ ನಿಲ್ಲುತ್ತದೆ, ತಲೆ ಅಲ್ಲಾಡುತ್ತದೆ. ಏಕಾಂಕ ನಾಟಕ ಮಾತ್ರ ಈ ಕೆಲಸಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಇಪ್ಪತ್ತೋ ಮೂವತ್ತೋ ನಿಮಿಷ. ಒಂದೇ ಕೋಣೆ, ಮೂರು ನಾಲ್ಕು ಜನ, ಒಂದು ಜಗಳ. ಕೊನೆಯ ಅಂಗಿ ಮಡಚುವ ಹೊತ್ತಿಗೆ ಪರದೆ ಬಿದ್ದಿರುತ್ತದೆ.

ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲಿಬ್ರಿವಾಕ್ಸ್ ಎಂಬ ಆಡಿಯೋ ಪುಸ್ತಕಗಳ ಜಾಲತಾಣದ ಏಕಾಂಕ ಸಂಕಲನಗಳು. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಮಧ್ಯೆ ಒಂದು ಚಿಕ್ಕ ಪಾತ್ರವನ್ನೂ ಓದಿದೆ. ಹಾಗಾಗಿ ಇದು ಊಟ ಮಾಡಿದವಳ ಅಭಿಪ್ರಾಯವೂ ಹೌದು, ಅಡುಗೆಮನೆಗೆ ಇಣುಕಿ ಬಂದವಳ ಚಾಡಿಯೂ ಹೌದು.

ಗೊತ್ತಿಲ್ಲದವರಿಗೆ ಎರಡು ಮಾತು. ಲಿಬ್ರಿವಾಕ್ಸ್ ಶುರುವಾಗಿದ್ದು 2005ರ ಆಗಸ್ಟ್‌ನಲ್ಲಿ. ಶುರು ಮಾಡಿದವರು ಮಾಂಟ್ರಿಯಲ್‌ನ ಹ್ಯೂ ಮೆಗ್ವಾಯರ್. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜನರೇ ಓದಿ, ಜನರಿಗೇ ಪುಕ್ಕಟೆ ಕೊಡುವುದು, ಅಷ್ಟೇ ಯೋಚನೆ. ಮೊದಲು ಮುಗಿಸಿದ್ದು ಜೋಸೆಫ್ ಕಾನ್ರಾಡನ ಒಂದು ಕಾದಂಬರಿ. ಅದನ್ನೂ ಹಲವರು ಅಧ್ಯಾಯ ಹಂಚಿಕೊಂಡು ಓದಿದ್ದು. ಈಗ ಪಟ್ಟಿಯಲ್ಲಿ 20,000ಕ್ಕೂ ಹೆಚ್ಚು ಪುಸ್ತಕಗಳಿವೆ. ಕೇಳಲು ಖಾತೆ ತೆರೆಯಬೇಕಾಗಿಲ್ಲ, ಜಾಹೀರಾತಿನ ಕಾಟವಿಲ್ಲ. ಎಂಪಿ3 ಫೈಲು ಇಳಿಸಿಕೊಂಡರೆ ಅದು ನಿಮ್ಮದೇ. ಓದಿದವರು ತಮ್ಮ ಧ್ವನಿಯ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತಾರೆ. ನಾಳೆ ಯಾರಾದರೂ ನನ್ನ ಧ್ವನಿಯನ್ನು ತೆಗೆದುಕೊಂಡು ಹೋಗಿ ಮಾರಿದರೂ ನಾನು ಕೇಳುವ ಹಾಗಿಲ್ಲ. ಮಾರಲಿ ಬಿಡಿ, ಯಾರು ಕೊಳ್ಳುತ್ತಾರೆ ನೋಡೋಣ.

ಆದರೆ ಹೊಸ ನಾಟಕ ಸಿಗುತ್ತದೆಂದು ಹೋಗಬೇಡಿ. ಇವರು ಅನುಸರಿಸುವುದು ಅಮೆರಿಕದ ಕಾನೂನು. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ಮೇಲೆ 95 ವರ್ಷದ ಲೆಕ್ಕ. ಅನುವಾದವಾದರೆ ಅನುವಾದವೂ ಅಷ್ಟೇ ಹಳೆಯದಿರಬೇಕು. ಹಾಗಾಗಿ ಇಲ್ಲಿ ಸಿಗುವುದೆಲ್ಲಾ ಟೆಲಿಗ್ರಾಂ ಬರುವ, ಆಳು ಬಂದು ಬಾಗಿಲು ತೆಗೆಯುವ, ಅತ್ತೆ ಸತ್ತರೆ ಆಸ್ತಿ ಬರುವ ಕಾಲದ ನಾಟಕಗಳು. ನನಗೇನೂ ಬೇಸರವಿಲ್ಲ. ಜಗಳಕ್ಕೆ ವಯಸ್ಸಾಗುವುದಿಲ್ಲ.

ಈಗ ಅಡುಗೆಮನೆಯ ವಿಷಯ. ಇಲ್ಲಿ ನಟರು ಒಂದು ಕಡೆ ಸೇರುವುದೇ ಇಲ್ಲ. ಒಬ್ಬರು ನಾಟಕ ಆರಿಸಿ ಪಾತ್ರಗಳ ಪಟ್ಟಿ ಹಾಕುತ್ತಾರೆ. ಬೇಕಾದವರು ಬೇಕಾದ ಪಾತ್ರಕ್ಕೆ ಹೆಸರು ಕೊಡುತ್ತಾರೆ. ಆಡಿಷನ್ ಇಲ್ಲ. ಹೆಂಗಸಿನ ಪಾತ್ರ ಗಂಡಸು ಓದಬಹುದು, ಮುದುಕನ ಪಾತ್ರ ಹುಡುಗಿ ಓದಬಹುದು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ತಮ್ಮ ಮಾತುಗಳನ್ನಷ್ಟೇ ಓದುತ್ತಾರೆ. ಒಂದು ಮಾತು, ಕೆಲವು ಸೆಕೆಂಡು ಮೌನ, ಇನ್ನೊಂದು ಮಾತು, ಮತ್ತೆ ಮೌನ. ರಂಗಸೂಚನೆ ಓದಲು ಬೇರೆಯೇ ಒಬ್ಬರು. ಕೊನೆಗೆ ಇವೆಲ್ಲವನ್ನೂ ಒಬ್ಬರು ಕತ್ತರಿಸಿ, ಸಾಲಾಗಿ ಜೋಡಿಸುತ್ತಾರೆ. ಅದನ್ನು ಮತ್ತೊಬ್ಬರು ಪಠ್ಯ ಮುಂದಿಟ್ಟುಕೊಂಡು ಕೇಳಿ, ಬಿಟ್ಟುಹೋದ ಪದ ಹಿಡಿಯುತ್ತಾರೆ. ಓದಿದ ರೀತಿ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ನಾವಾಗಿ ಕೇಳಿಕೊಂಡರೆ ಮಾತ್ರ ಹೇಳುತ್ತಾರೆ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ನಿರಾಸೆ ತಪ್ಪುತ್ತದೆ. ಎಲ್ಲರಿಗೂ ಜಾಗ ಇದೆ ಎಂದಮೇಲೆ ಎಲ್ಲ ಥರದ ಧ್ವನಿಯೂ ಇರುತ್ತದೆ. ಗಂಡನ ಧ್ವನಿ ಬಾವಿಯೊಳಗಿಂದ, ಹೆಂಡತಿಯ ಧ್ವನಿ ಕಿವಿಯ ಪಕ್ಕದಿಂದ. ಒಬ್ಬರು ನಿಜವಾದ ನಟರ ಹಾಗೆ ಉಸಿರು ಬಿಡುತ್ತಾರೆ, ಇನ್ನೊಬ್ಬರು ಔಷಧಿ ಚೀಟಿ ಓದಿದ ಹಾಗೆ ಪ್ರೇಮ ನಿವೇದನೆ ಮಾಡುತ್ತಾರೆ. ಒಂದೇ ಮನೆಯ ಅಣ್ಣ ತಮ್ಮ ಎರಡು ಖಂಡಗಳ ಇಂಗ್ಲಿಷ್ ಮಾತಾಡುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ಮೂರು ನಿಮಿಷದೊಳಗೆ ಕಿವಿ ಹೊಂದಿಕೊಳ್ಳುತ್ತದೆ.

ನಾನು ಹೊಂದಿಕೊಳ್ಳಲಾರದ್ದು ಒಂದೇ: ತಪ್ಪು ಮೌನ. ಚೆಕಾವ್‌ನ ಮದುವೆ ಪ್ರಸ್ತಾಪದ ನಾಟಕ ಗೊತ್ತಲ್ವಾ? ಮೂರೇ ಪಾತ್ರ. ಲೋಮೊವ್ ಹೆಣ್ಣು ಕೇಳಲು ಬರುತ್ತಾನೆ. ಕೇಳುವ ಮೊದಲೇ ಒಂದು ತುಂಡು ಹುಲ್ಲುಗಾವಲು ಯಾರದು ಎಂದು ಆ ಹುಡುಗಿಯ ಜೊತೆಯೇ ಜಗಳ ಶುರುವಾಗುತ್ತದೆ. ಅವಳ ಅಪ್ಪನೂ ಬಂದು ಸೇರಿಕೊಳ್ಳುತ್ತಾನೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಯಾರ ಬೇಟೆನಾಯಿ ಹೆಚ್ಚು ಎಂದು ಇನ್ನೊಂದು ಸುತ್ತು. ರಂಗದ ಮೇಲೆ ಇದು ಒಬ್ಬರ ಬಾಯಿಂದ ಮಾತು ಕಿತ್ತುಕೊಂಡು ಇನ್ನೊಬ್ಬರು ಆಡುವ ಆಟ. ನಮ್ಮದು, ಅಲ್ಲ ನಮ್ಮದು, ನಮ್ಮದೇ! ಇಂಥ ಜಗಳದ ಮಧ್ಯೆ ಪ್ರತಿ ಮಾತಿಗೂ ಒಂದೊಂದು ಸೆಕೆಂಡು ಗಾಳಿ ಸೇರಿಸಿದರೆ ಏನಾಗುತ್ತದೆ ಯೋಚಿಸಿ. ಇಬ್ಬರು ಮರ್ಯಾದಸ್ಥರು ಸರದಿ ಸಾಲಿನಲ್ಲಿ ನಿಂತು ಬೈದುಕೊಂಡ ಹಾಗಾಗುತ್ತದೆ. ಓದಿದವರು ಎಷ್ಟು ಚೆನ್ನಾಗಿ ಕಿರುಚಿದರೂ ಪ್ರಯೋಜನವಿಲ್ಲ.

ಅದೇ ಜೋಡಿಸುವವರಿಗೆ ಕಿವಿ ಇದ್ದರೆ? ಒಬ್ಬರ ಕೊನೆಯ ಪದದ ಬಾಲದ ಮೇಲೆ ಇನ್ನೊಬ್ಬರ ಮೊದಲ ಪದ ಕಾಲಿಡುತ್ತದೆ. ಹೊಡೆತ ಬಿದ್ದ ಹಾಗೆ. ಎರಡು ಬೇರೆ ಮನೆಗಳಲ್ಲಿ, ಎರಡು ಬೇರೆ ವಾರಗಳಲ್ಲಿ ಕೂತು ಓದಿದವರು ಎದುರುಬದುರು ನಿಂತು ಉಗುಳು ಹಾರಿಸಿಕೊಂಡು ಜಗಳ ಆಡುತ್ತಿರುವ ಹಾಗೆ ಕೇಳುತ್ತದೆ. ಹಾಗೆ ಜೋಡಿಸಿದ ಒಂದು ಜಗಳ ಕೇಳಿ ನಾನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನಕ್ಕಿದ್ದೇನೆ. ಈ ನಾಟಕಗಳ ನಿಜವಾದ ನಿರ್ದೇಶಕರು ಕತ್ತರಿ ಹಿಡಿದವರು. ಹೆಸರು ಎಲ್ಲೋ ಮೂಲೆಯಲ್ಲಿರುತ್ತದೆ, ಹುಡುಕಿ ನೋಡಿ. ನಾನೀಗ ನಾಟಕಕಾರರನ್ನು ನೋಡಿ ಅಲ್ಲ, ಜೋಡಿಸಿದವರನ್ನು ನೋಡಿ ನಾಟಕ ಆರಿಸುತ್ತೇನೆ.

ಇನ್ನು ರಂಗಸೂಚನೆ. ಇಲ್ಲಿ ಸಾಮಾನ್ಯವಾಗಿ ಹಿನ್ನೆಲೆ ಸಂಗೀತ ಇರುವುದಿಲ್ಲ, ಸದ್ದುಗಳನ್ನೂ ಸೇರಿಸುವುದು ಕಡಿಮೆ. ಬಾಗಿಲು ತಟ್ಟಿದ ಸದ್ದು ಬರುವುದಿಲ್ಲ. ಬಾಗಿಲು ತಟ್ಟಿದ ಸದ್ದು ಎಂದು ಒಬ್ಬರು ಹೇಳುತ್ತಾರೆ. ಅಳು ಬಂದರೆ, ಅಳುತ್ತಾಳೆ ಎಂದು ಹೇಳುತ್ತಾರೆ. ಕೆಲವೊಮ್ಮೆ ಪಾತ್ರಧಾರಿ ಅಳುವುದೇ ಇಲ್ಲ, ನಿರೂಪಕರು ಹೇಳಿದ್ದನ್ನು ನಾವು ನಂಬಿಕೊಳ್ಳಬೇಕು. ಇದನ್ನು ದೋಷ ಅಂತಲೇ ಅಂದುಕೊಂಡಿದ್ದೆ. ಸೂಸನ್ ಗ್ಲಾಸ್‌ಪೆಲ್ ಬರೆದ ‘ಟ್ರೈಫಲ್ಸ್’ ಕೇಳಿದ ಮೇಲೆ ಮಾತು ವಾಪಸ್ ತೆಗೆದುಕೊಂಡೆ.

ಇದು 1916ರ ನಾಟಕ. ಮೊದಲು ಆಡಿದ್ದು ಅಮೆರಿಕದ ಪ್ರಾವಿನ್ಸ್‌ಟೌನ್‌ನಲ್ಲಿ. ಬರೆದವರೇ ಒಂದು ಪಾತ್ರವನ್ನೂ ಮಾಡಿದ್ದರು. ಅದಕ್ಕೆ ಮೊದಲು ಅವರು ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಅಯೋವಾದಲ್ಲಿ 1900ರಲ್ಲಿ ನಡೆದ ಒಬ್ಬ ರೈತನ ಕೊಲೆಯ ವರದಿ ಮಾಡಿದ್ದರು, ಆ ನೆನಪೇ ಈ ನಾಟಕದ ಬೀಜ. ಕಥೆ ನಡೆಯುವುದು ಒಂದು ತಣ್ಣಗಿನ ಅಡುಗೆಮನೆಯಲ್ಲಿ. ಗಂಡ ಕೊಲೆಯಾಗಿದ್ದಾನೆ, ಹೆಂಡತಿಯನ್ನು ಹಿಡಿದುಕೊಂಡು ಹೋಗಿದ್ದಾರೆ. ಆಕೆ ರಂಗದ ಮೇಲೆ ಬರುವುದೇ ಇಲ್ಲ. ಗಂಡಸರು ಸಾಕ್ಷಿ ಹುಡುಕುತ್ತಾ ಮಹಡಿ ಹತ್ತುತ್ತಾರೆ. ಇಬ್ಬರು ಹೆಂಗಸರು ಕೆಳಗೆ ಅಡುಗೆಮನೆಯಲ್ಲಿ ಉಳಿದು, ಅರ್ಧಕ್ಕೆ ನಿಂತ ಕೆಲಸಗಳನ್ನು ನೋಡುತ್ತಾರೆ. ಹೊಲಿಯುತ್ತಿದ್ದ ಕೌದಿಯಲ್ಲಿ ಎಲ್ಲಾ ಹೊಲಿಗೆ ನೆಟ್ಟಗಿದೆ, ಒಂದು ಕಡೆ ಮಾತ್ರ ಅಡ್ಡಾದಿಡ್ಡಿ. ಹಕ್ಕಿಯ ಪಂಜರ ಇದೆ, ಹಕ್ಕಿ ಇಲ್ಲ. ಪಂಜರದ ಬಾಗಿಲು ಮುರಿದಿದೆ. ಆಮೇಲೆ ಒಂದು ಪೆಟ್ಟಿಗೆ ಸಿಗುತ್ತದೆ.

ಪೆಟ್ಟಿಗೆಯಲ್ಲಿ ಏನಿತ್ತು ಎಂದು ನಾನು ಹೇಳುವುದಿಲ್ಲ, ಕೇಳಿ. ನಾನು ಹೇಳಬೇಕಾದದ್ದು, ಈ ನಾಟಕದ ಮುಖ್ಯ ಘಟನೆಗಳಲ್ಲಿ ಮಾತು ತೀರಾ ಕಡಿಮೆ. ನೋಟವೊಂದು ಇನ್ನೊಂದು ನೋಟವನ್ನು ಸಂಧಿಸುತ್ತದೆ. ಕೈಯೊಂದು ಏನನ್ನೋ ಮುಚ್ಚುತ್ತದೆ. ಹೆಜ್ಜೆ ಸಪ್ಪಳ ಹತ್ತಿರ ಬರುತ್ತದೆ. ಅದೆಲ್ಲಾ ಇರುವುದು ರಂಗಸೂಚನೆಯಲ್ಲಿ. ಅಂದರೆ ಆಡಿಯೋದಲ್ಲಿ ನಾಟಕದ ಗುಟ್ಟನ್ನು ಹಿಡಿದುಕೊಂಡಿರುವುದು ಯಾರೂ ಕೇಳಿ ಪಡೆಯದ ನಿರೂಪಕರ ಪಾತ್ರ. ನಿರೂಪಕರು ಇಲ್ಲಿ ಸ್ವಲ್ಪ ಭಾವ ಹೆಚ್ಚಿಸಿದರೂ ಕೆಟ್ಟಿತು, ಅವಸರ ಮಾಡಿದರೂ ಕೆಟ್ಟಿತು. ನಾನು ಕೇಳಿದ್ದರಲ್ಲಿ ಸಾಮಾನು ಪಟ್ಟಿ ಓದುವಷ್ಟು ಸಪಾಟಾಗಿ ಓದಿದ್ದಾರೆ. ಆ ಸಪಾಟು ಧ್ವನಿಗೆ ನನ್ನ ಬೆನ್ನು ತಣ್ಣಗಾಯಿತು. ನಾಟಕ ಗೊತ್ತಿದ್ದವಳು ನಾನು, ಆದರೂ.

ಇನ್ನೊಂದು ಇಷ್ಟವಾದ ಪದ್ಧತಿ. ನಾಟಕ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಪಾತ್ರದ ಹೆಸರು, ಓದಿದವರ ಹೆಸರು ಹೇಳುತ್ತಾರೆ. ಕೆಲವರು ಪಾತ್ರದ ಧ್ವನಿಯಲ್ಲಿ, ಕೆಲವರು ತಮ್ಮ ಸ್ವಂತ ಧ್ವನಿಯಲ್ಲಿ, ಸ್ವಲ್ಪ ನಾಚಿಕೊಂಡು. ಶಾಲೆಯಲ್ಲಿ ಹಾಜರಿ ಕೂಗಿದ ಹಾಗಿರುತ್ತದೆ. ಬಹಳ ಜನ ಇದನ್ನು ದಾಟಿಸಿಬಿಡುತ್ತಾರೇನೋ. ದಾಟಿಸಬೇಡಿ. ಯಾವ ಧ್ವನಿ ಯಾರದು ಎಂದು ಕಿವಿಗೆ ಪರಿಚಯವಾಗುವುದು ಅಲ್ಲೇ. ಮೂವರು ಹೆಂಗಸರ ಪಾತ್ರ ಇರುವ ನಾಟಕದಲ್ಲಂತೂ ಅದು ಬೇಕೇ ಬೇಕು.

ಈಗ ನನ್ನ ಪಾತ್ರದ ಕಥೆ. ಮುದಿ ಆಳು, ಗಂಡಸು. ಹನ್ನೊಂದು ಮಾತು. ಅದರಲ್ಲಿ ನಾಲ್ಕು ಬರೀ ‘ಹೌದು, ಅಮ್ಮಾವರೇ’ ಥರದ್ದು. ಮೊದಲು ಒಂದು ನಿಮಿಷದ ಪರೀಕ್ಷೆ ಫೈಲು ಕೊಡಬೇಕು. ಅದು ಪ್ರತಿಭೆಯ ಪರೀಕ್ಷೆಯಲ್ಲ, ಮೈಕು ಸರಿ ಇದೆಯೇ ಎಂದು ನೋಡಲು. 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್, ಧ್ವನಿಯ ಮಟ್ಟ 89 ಡೆಸಿಬಲ್ ಆಸುಪಾಸು. ಈ ಅಂಕಿಗಳನ್ನು ನೋಡಿ ನನಗೆ ಹೊಟ್ಟೆ ತೊಳಸಿತು. ಆದರೆ ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದು ಸಂಜೆ ಕೂತರೆ ಕೈಗೆ ಬರುತ್ತದೆ.

ಕೈಗೆ ಬಾರದ್ದು ಮನೆಯ ಸದ್ದು. ನಮ್ಮ ಫ್ರಿಜ್ ಹೀಗೆ ಗುನುಗುತ್ತದೆ ಎಂದು ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಫ್ಯಾನ್ ಆರಿಸಿದೆ, ಫ್ರಿಜ್ ಆರಿಸಿದೆ, ಬಟ್ಟೆಯ ಬೀರು ತೆರೆದು ಸೀರೆಗಳ ಮಧ್ಯೆ ತಲೆ ತೂರಿಸಿ ಕೂತೆ. ಬಟ್ಟೆ ಗೋಡೆಯ ಪ್ರತಿಧ್ವನಿಯನ್ನು ನುಂಗುತ್ತದೆ, ಬೆವರನ್ನು ಮಾತ್ರ ನುಂಗುವುದಿಲ್ಲ. ಮೊದಲ ಸಲ ಕಾಲೇಜು ನಾಟಕದ ಗುಂಗಿನಲ್ಲಿ ಹಿಂದಿನ ಬೆಂಚಿಗೆ ಕೇಳುವಂತೆ ಕೂಗಿದೆ, ಧ್ವನಿ ಒಡೆದು ಹೋಯಿತು. ಎರಡನೇ ಸಲ ಮಾತುಗಳ ಮಧ್ಯೆ ಮೌನ ಬಿಡುವುದನ್ನೇ ಮರೆತೆ, ಹನ್ನೊಂದು ಮಾತೂ ಒಂದೇ ಉಸಿರಿನ ರೈಲಾಯಿತು. ತಪ್ಪು ನನ್ನದೇ, ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೂರನೇ ಸಲದ ಹೊತ್ತಿಗೆ ನೆಗಡಿ ಹಿಡಿದಿತ್ತು. ಇನ್ನು ಕಾಯಿಸುವುದು ಬೇಡ ಎಂದು ಹಾಗೇ ಓದಿ ಕಳಿಸಿದೆ.

ಕಷ್ಟ ಎಲ್ಲಿದೆ ಎಂದರೆ, ಯಜಮಾನಿ ಯಾವ ಧಾಟಿಯಲ್ಲಿ ಬೈಯುತ್ತಾಳೆ ಎಂದು ಗೊತ್ತಿಲ್ಲದೆ ನಾನು ತಲೆ ತಗ್ಗಿಸಬೇಕು. ಅವಳ ಮಾತನ್ನೂ ನಾನೇ ಜೋರಾಗಿ ಓದಿ, ಅದಕ್ಕೆ ಉತ್ತರ ಕೊಟ್ಟು, ಆಮೇಲೆ ಅವಳ ಭಾಗವನ್ನು ಕತ್ತರಿಸಿ ಹಾಕಿದೆ. ಸ್ವಲ್ಪ ಹುಚ್ಚಿನಂತೆ ಕಾಣುತ್ತದೆ, ಕೆಲಸ ಮಾತ್ರ ಆಗುತ್ತದೆ. ಹೊಸಬರಿಗೆ ನಾನು ಕೊಡುವ ಸಲಹೆ ಇದೊಂದೇ. ಉಚ್ಚಾರದ ಬಗ್ಗೆ ಭಯ ಬೇಡ. ನನ್ನ ಇಂಗ್ಲಿಷಿನ ಧಾಟಿ ಬಗ್ಗೆ ಯಾರೂ ಒಂದಕ್ಷರ ಎತ್ತಲಿಲ್ಲ. ಕೇಳಿ ತಿದ್ದುವವರಿಂದ ಬಂದದ್ದು ಒಂದೇ ಸಾಲಿನ ಟಿಪ್ಪಣಿ: ಏಳನೇ ಮಾತಿನಲ್ಲಿ ಒಂದು ಪದ ಬಿಟ್ಟಿದ್ದೀರಿ. ಹೌದು, ಬಿಟ್ಟಿದ್ದೆ.

ಆಮೇಲೆ ಕಾಯಬೇಕು. ಸಂಕಲನ ಪೂರ್ತಿಯಾಗಬೇಕಾದರೆ ಎಲ್ಲಾ ನಾಟಕದ ಎಲ್ಲಾ ಪಾತ್ರಗಳೂ ಬರಬೇಕು. ಸಂಬಳವಿಲ್ಲದ ಕೆಲಸ, ಯಾರ ಕುತ್ತಿಗೆ ಮೇಲೂ ಕೂರುವ ಹಾಗಿಲ್ಲ. ತಿಂಗಳುಗಳೇ ಹಿಡಿದವು. ನಾನು ಮರೆತೇ ಬಿಟ್ಟಿದ್ದೆ.

ಐದರಲ್ಲಿ ಎಷ್ಟು ಕೊಡುತ್ತೀಯ ಎಂದರೆ, ಪಟ್ಟಿಗೆ ಐದು, ಸುಲಭವಾಗಿ ಸಿಗುವುದಕ್ಕೆ ಐದು, ಧ್ವನಿಯ ಗುಣಕ್ಕೆ ಎರಡರಿಂದ ಐದರವರೆಗೆ ಯಾವುದೂ ಆಗಬಹುದು. ಮೊದಲ ಸಲ ಹೋಗುವವರು ಮೂರು ನಾಲ್ಕು ಪಾತ್ರದ ನಾಟಕದಿಂದ ಶುರು ಮಾಡಿ. ಹದಿನೈದು ಪಾತ್ರದ್ದು ಎಂದರೆ ಹದಿನೈದು ಮೈಕು ಎಂದು ಲೆಕ್ಕ ಹಾಕಿ. ಒಂದು ನಾಟಕ ಹಿಡಿಸದಿದ್ದರೆ ಸುಮ್ನೆ ಮುಂದಿನದಕ್ಕೆ ಹೋಗಿ. ಒಂದೇ ನಾಟಕವನ್ನು ಬೇರೆ ಬೇರೆ ತಂಡಗಳು ಓದಿದ್ದೂ ಇರುತ್ತದೆ, ಹೋಲಿಸಿ ಕೇಳುವುದೇ ಒಂದು ಮಜಾ. ಯಂತ್ರದ ಧ್ವನಿಯನ್ನು ಇವರು ಸೇರಿಸುವುದಿಲ್ಲ. ಈಗಿನ ಕಾಲದಲ್ಲಿ ನನಗೆ ಅದಕ್ಕೇ ಅರ್ಧ ಅಂಕ ಜಾಸ್ತಿ ಕೊಡೋಣ ಅನಿಸುತ್ತದೆ.

ನಮ್ಮ ನಾಟಕ ಹೊರಬಂದ ದಿನ ಅಕ್ಕನಿಗೆ ಕೇಳಿಸಿದೆ. ನಾನಿದ್ದೇನೆ ಎಂದು ಹೇಳಲಿಲ್ಲ. ಅವಳು ಕಾಲು ಚಾಚಿ ಕೂತು ಪೂರ್ತಿ ಕೇಳಿದಳು, ಎರಡು ಕಡೆ ನಕ್ಕಳು. ಮುಗಿದ ಮೇಲೆ, ‘ಆ ಯಜಮಾನಿ ಚೆನ್ನಾಗಿ ಮಾಡಿದ್ದಾಳೆ ಕಣೇ. ಆಳು ಮುದುಕನೂ ಪರವಾಗಿಲ್ಲ. ಪಾಪ, ಅವನಿಗೆ ನೆಗಡಿ ಆಗಿತ್ತು ಅನ್ಸುತ್ತೆ’ ಎಂದಳು.